ಕಾಗಿ ಮುಟ್ಟದ ಮುಂಜಾನೆ

ಬೆಳಕು ಹರಿಯುವುದರೊಳಗೆ ವರದಾ ಮುಗಿಸಬೇಕಾದ ಕೆಲಸಗಳು ಇಷ್ಟು. ಅಂಗಳ ಗುಡಿಸುವುದು, ನೀರು ಚಿಮುಕಿಸುವುದು, ರಂಗೋಲಿ ಎಳೆಯುವುದು. ದೇವರ ತಂಬಿಗೆ, ಪಂಚಪಾತ್ರೆ, ಆರತಿ ತಟ್ಟೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು. ತಲೆಗೆ ಸ್ನಾನ ಮಾಡಿ, ಹಿಂದಿನ ದಿನವೇ ಎತ್ತರದ ಗಳದ ಮೇಲೆ ಒಣಹಾಕಿದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ ಉಡುವುದು. ಆಮೇಲೆ ಯಾರನ್ನೂ ಯಾವುದನ್ನೂ ಮುಟ್ಟದೆ ನಳದಿಂದ ನೀರು ಹಿಡಿದು ತರುವುದು, ಒಲೆಕಟ್ಟೆ ಒರೆಸಿ ಗ್ಯಾಸು ಹಚ್ಚುವುದು, ಹಾಲು ಕಾಯಿಸುವುದು, ಅನ್ನಕ್ಕಿಡುವುದು, ಬೇಳೆ ಬೇಯುವಷ್ಟರಲ್ಲಿ ಹಿತ್ತಲಿಗೆ ಹೋಗಿ ತುಳಸಿ, ದಾಸವಾಳ, ನಂದಿಬಟ್ಟಲು ಕೊಯ್ದು ತರುವುದು, ಗಂಧ ತೇಯುವುದು, ಬತ್ತಿ ಹೊಸೆಯುವುದು, ನಂದಾದೀಪಕ್ಕೆ ಎಣ್ಣೆ ಎರೆಯುವುದು, ಕೊನೆಗೆ ಪೂಜೆಯ ಮಣೆ ಇಡುವುದು. ಇಷ್ಟಾದ ಮೇಲೆ ಗಂಡ ಶ್ರೀವಲ್ಲಭ ಎದ್ದು, ಸ್ನಾನ ಮಾಡಿ, ಆ ಮಣೆಯ ಮೇಲೆ ಬಂದು ಕೂಡುತ್ತಿದ್ದ. ‘ಪೂಜಾ ಅಂದ್ರ ಶ್ರೀವಲ್ಲಭರ ಮನಿ ಪೂಜಾ ನೋಡ್ರಿ’ ಎಂದು ನಾಲತವಾಡದ ಆ ಓಣಿಯವರು ಹೊಗಳುವಾಗ ಅವರ ಕಣ್ಣಿಗೆ ಕಾಣುತ್ತಿದ್ದುದು ಆ ಮಣೆ, ಮಣೆಯ ಮೇಲಿನ ಮನುಷ್ಯ, ಅಷ್ಟೇ.

ಶ್ರೀವಲ್ಲಭ ಕೆಟ್ಟವನಲ್ಲ. ತಾಳಿಕೋಟೆಯ ಒಂದು ಕಾಲೇಜಿನಲ್ಲಿ ಗುಮಾಸ್ತ. ಜೋರು ಮಾತಾಡಿದವನಲ್ಲ, ಉಪ್ಪು ಕಡಿಮೆಯಾದರೆ ತಾನೇ ಕೈಚಾಚಿ ಹಾಕಿಕೊಳ್ಳುವವನು, ಉಪ್ಪಿನ ಡಬ್ಬಿ ಕೈಗೆಟಕುವಲ್ಲಿ ಇದ್ದರೆ. ಪೂಜೆ ಮುಗಿಯುವ ತನಕ ನೀರೂ ಮುಟ್ಟದ ಅವನ ತಾಯಿ ರಂಗೂಬಾಯಿ, ಪಿಯುಸಿ ಪರೀಕ್ಷೆ ಮುಗಿಸಿ ಸಿಇಟಿಗೆ ಓದುತ್ತಿದ್ದ ಮಗಳು ವೃಂದಾ, ಮತ್ತು ವರದಾ. ನಾಲ್ಕು ಜನರ ಮನೆ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ನಿಂಬೆ ತೋಟದ ನಡುವೆ ಬೆಳೆದ ವರದಾ ಈ ಮನೆ ತುಂಬಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಷ್ಟು ವರ್ಷ ಆಕೆ ಸೂರ್ಯ ಹುಟ್ಟುವುದನ್ನು ಕಂಡಿದ್ದು ತಿಂಗಳಿಗೆ ಮೂರೇ ಸಲ.

ಅದಕ್ಕೆ ಕಾರಣ ಕಾಗೆ.

ಈ ಮನೆಯಲ್ಲಿ ಹೆಂಗಸು ಹೊರಗಾದರೆ ಹಾಗೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಕಾಗಿ ಮುಟ್ಟೇದ’ ಎನ್ನುತ್ತಿದ್ದರು. ರಂಗೂಬಾಯಿ ಮರಾಠಿಗೆ ತಿರುಗಿದರೂ ಅದೇ ಕಾಗೆ: ‘ಕಾವಳಾ ಶಿವಲಾ.’ ಕಾಗಿ ಮುಟ್ಟಿದವಳು ಮೂರು ದಿನ ಅಡಿಗೆಮನೆ, ದೇವರಮನೆ ಹೊಗುವಂತಿಲ್ಲ. ಹಿತ್ತಲ ಪಡಸಾಲೆಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಮದುವೆಯಾದ ಹೊಸದರಲ್ಲಿ ವರದಾಗೆ ಇದು ಅವಮಾನ ಅನ್ನಿಸಿ ಅತ್ತಿದ್ದಳು. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಆ ಮೂರು ದಿನ ಆಕೆ ಎಲ್ಲಿದ್ದಾಳೆ ಎಂದು ಮನೆ ಕೇಳುತ್ತಿರಲಿಲ್ಲ. ಏನು ಮುಟ್ಟಿದಳು ಎಂದಷ್ಟೇ ಕೇಳುತ್ತಿತ್ತು.

ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ಆ ಮೂರು ದಿನ ಮನೆ ಉಪವಾಸ ಬೀಳುತ್ತಿರಲಿಲ್ಲ. ರಂಗೂಬಾಯಿಯ ಮೊಣಕಾಲು ನೋವು ಶುರುವಾದ ಮೇಲೆ ಶ್ರೀವಲ್ಲಭನೇ ನಸುಕಿನಲ್ಲಿ ಎದ್ದು, ಮಡಿಯ ರೇಷ್ಮೆ ಮಗಟ ಉಟ್ಟು, ಅನ್ನ, ಸಾರು, ಒಂದು ಪಲ್ಯ ಮಾಡಿ, ಪೂಜೆ ಮುಗಿಸಿ, ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದ. ಸಾರು ಚೆನ್ನಾಗಿಯೇ ಇರುತ್ತಿತ್ತು. ಆ ಮೂರು ದಿನ ಇಂಗಿನ ಡಬ್ಬಿ ಎಲ್ಲಿದೆ ಎಂದು ಅವನಿಗೆ ಗೊತ್ತಿರುತ್ತಿತ್ತು. ನಾಲ್ಕನೆಯ ದಿನ ವರದಾ ತಲೆಗೆ ಎರೆದುಕೊಂಡು ಒಳಗೆ ಬಂದಳೋ, ಮರೆತುಹೋಗುತ್ತಿತ್ತು.

ಹಕ್ಕಿ ನೋಡುವ ಹುಚ್ಚು ಹತ್ತಿದ್ದು ಆ ಚಾಪೆಯ ಮೇಲೆಯೇ. ಹಿತ್ತಲ ಬೇವಿನ ಮರಕ್ಕೆ ಬರುವ ಹಕ್ಕಿಗಳನ್ನು ನೋಡುತ್ತ ಕೂಡುತ್ತಿದ್ದಳು. ಹಿತ್ತಲಿಗೆ ಎದುರಾದ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಭಾಗ್ಯಜ್ಯೋತಿ ಅದೇ ಮರವನ್ನು ಮೇಲಿನಿಂದ ನೋಡುತ್ತಿದ್ದಳು. ಆಕೆ ಬಸವನ ಬಾಗೇವಾಡಿ ಕಡೆಯವಳು, ಊರ ಪ್ರಾಥಮಿಕ ಸಾಲಿಯ ಟೀಚರು. ಗಂಡ ಸಿದ್ದಾರೂಢನಿಗೆ ಸಿಂದಗಿಯಲ್ಲಿ ನೌಕರಿ, ಶನಿವಾರ ರಾತ್ರಿ ಬಂದು ಸೋಮವಾರ ಹೋಗುವವನು. ಒಂದು ದಿನ ಮಾಳಿಗೆಯಿಂದಲೇ ಫೋನನ್ನು ಮರದ ಕಡೆ ಹಿಡಿದು ಕೂಗಿದಳು.

“ಅಕ್ಕಾರ, ಆ ಕೆಂಪು ಕಣ್ಣಿಂದು, ಕಂದು ರೆಕ್ಕಿದು ಏನ್ರಿ ಅದು?”

“ರತ್ನಪಕ್ಷಿ. ನಮ್ಮತ್ತಿಯವರು ಭಾರದ್ವಾಜ ಅಂತಾರ. ಕಂಡ್ರ ಛಲೋ ಆಗ್ತದಂತ.”

“ಹಂಗಾರ ಕೆಳಗ ಬರ್ತೇನಿ ತಡೀರಿ. ಇಬ್ರಿಗೂ ಛಲೋ ಆಗ್ಲಿ.”

ಹೀಗೆ ಶುರುವಾಯಿತು. ಕಾಗಿ ಮುಟ್ಟಿದ ಮೂರು ನಸುಕು, ಭಾಗ್ಯಜ್ಯೋತಿಯ ಸ್ಕೂಟಿಯ ಮೇಲೆ ಇಬ್ಬರೂ ಊರ ಹೊರಗಿನ ಹಿನ್ನೀರಿಗೆ ಹೋಗುವುದು, ಸಾಲಿಯ ಹೊತ್ತಿಗೆ ತಿರುಗಿ ಬರುವುದು. ಮುದ್ದೇಬಿಹಾಳದಲ್ಲಿ ಲಗ್ನದ ಫೋಟೋ ತೆಗೆಯುವ ಮಂಜೂರ ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು, ಅದರ ಉದ್ದ ಲೆನ್ಸಿನ ಸಮೇತ, ಇಬ್ಬರೂ ಸೇರಿ ತೆಗೆದುಕೊಂಡರು. ‘ಲಗ್ನದಾಗ ಮಂದಿಗೆ ನಗ್ರಿ ಅಂದ್ರ ನಗ್ತಾರ, ಹಕ್ಕಿ ನಿಮ್ಮ ಮಾತು ಕೇಳಂಗಿಲ್ಲ’ ಎಂದು ಮಂಜೂರ ಎಚ್ಚರಿಕೆ ಕೊಟ್ಟಿದ್ದ. ಹಕ್ಕಿ ಮಾತು ಕೇಳಲಿಲ್ಲ ನಿಜ. ಆದರೆ ಇಬ್ಬರೂ ಒಂದು ಪದ್ಧತಿ ಕಂಡುಕೊಂಡರು. ಕ್ಯಾಮೆರಾಕ್ಕೆ ಕಣ್ಣಿಟ್ಟವಳಿಗೆ ಒಂದು ಕಿಂಡಿಯಷ್ಟೇ ಜಗತ್ತು ಕಾಣುತ್ತದೆ. ಹಾಗಾಗಿ ಇನ್ನೊಬ್ಬಳು ಬರಿಗಣ್ಣಿನಿಂದ ಸುತ್ತಲೂ ನೋಡುತ್ತಿರಬೇಕು, ಹಕ್ಕಿ ಬರುವ ಕಡೆಯ ಹೆಗಲನ್ನು ಮುಟ್ಟಬೇಕು. ಎಡ ಹೆಗಲು ಮುಟ್ಟಿದರೆ ಎಡಕ್ಕೆ, ಬಲ ಮುಟ್ಟಿದರೆ ಬಲಕ್ಕೆ. ಮಾತಿಲ್ಲ. ಮೂರು ದಿನ ಯಾರೂ ಮುಟ್ಟದ ವರದಾಳ ಹೆಗಲನ್ನು ಭಾಗ್ಯಜ್ಯೋತಿ ಬೆಳಗಿನ ಹೊತ್ತು ಎಷ್ಟೋ ಸಲ ಮುಟ್ಟುತ್ತಿದ್ದಳು.

ಮೊದಮೊದಲು ವರದಾ ಅಳುಕಿದ್ದಳು. “ನಿನಗ ನಡೀತದೇನು ಜ್ಯೋತಿ, ನನ್ನ ಮುಟ್ಟಿದ್ರ?”

“ನಮ್ಮಾಗ ಸೂತಕ ಇಲ್ರಿ ಅಕ್ಕಾರ. ಶರಣರು ತಗದ ಹಾಕ್ಯಾರ.” ಭಾಗ್ಯಜ್ಯೋತಿ ಲೆನ್ಸು ಒರೆಸುತ್ತ ಹೇಳಿದ್ದಳು. “ಸೂತಕ ತಗದ್ರು, ಒಲಿ ಯಾರೂ ತಗೀಲಿಲ್ಲ ನೋಡ್ರಿ. ಅತ್ತಿ ಮನ್ಯಾಗಿದ್ದಾಗ ಹೊಟ್ಟಿ ಹಿಡಕೊಂಡು ರೊಟ್ಟಿ ಬಡೀತಿದ್ದೆ. ನಿಮಗರ ಕಾಗಿ ಬಂದು ಬಿಡಸಕೊಂಡು ಹೋಗತೈತಿ. ನಮ್ಮ ಮನಿ ಮ್ಯಾಲೆ ಒಂದು ಕಾಗಿನೂ ಹಾರಂಗಿಲ್ಲ.”

ವರದಾ ನಕ್ಕಿದ್ದಕ್ಕೆ ಎದುರಿನ ಕೊಕ್ಕರೆ ಹಾರಿಹೋಗಿತ್ತು.

“ನಿಮ್ಮನ್ನ ಮುಟ್ಟೋದು ಯಾವ ಜಾತಿದ್ರಿ, ಊರ ಕಾಗ್ಯೋ, ಕಾಡ ಕಾಗ್ಯೋ? ಒಂದು ಫೋಟೋ ತಗದ ಇಟ್ಕೋರಿ. ಉಪಕಾರ ಮಾಡೇತಿ.”

ವರದಾ ನಿಜವಾಗಿಯೂ ತೆಗೆದಿದ್ದಳು. ಆಕೆಯ ಮೊದಲ ಒಳ್ಳೆಯ ಚಿತ್ರ ಬೇವಿನ ಕೊಂಬೆಯ ಮೇಲಿನ ಒಂದು ಕಾಗೆಯದು, ಬೂದು ಕುತ್ತಿಗೆಯ ಊರ ಕಾಗೆ. ಆಮೇಲೆ ಮೀಂಚುಳ್ಳಿ, ನೀಲಕಂಠ, ಚಳಿಗಾಲಕ್ಕೆ ಬರುವ ಪಟ್ಟೆತಲೆಯ ಹೆಬ್ಬಾತುಗಳ ಸಾಲು. ಭಾನುವಾರ ಮಾತ್ರ ಇಬ್ಬರೂ ಹೋಗುತ್ತಿರಲಿಲ್ಲ. ಭಾನುವಾರ ಸಿದ್ದಾರೂಢ ಮನೆಯಲ್ಲಿರುತ್ತಿದ್ದ, ಅವನಿಗೆ ಬಿಸಿ ಹೋಳಿಗೆ ಬೇಕಾಗುತ್ತಿತ್ತು.

ಈ ವರ್ಷ ಸಂಕ್ರಮಣ ಮುಗಿದ ಮೇಲೆ ಒಂದು ಸಲ ಕಾಗೆ ಬಂದು ಹೋಯಿತು. ಆಮೇಲೆ ಬರಲಿಲ್ಲ. ಶಿವರಾತ್ರಿ ಹೋಯಿತು, ಹೋಳಿಹುಣ್ಣಿಮೆ ಹೋಯಿತು. ವರದಾಗೆ ನಲವತ್ತೆಂಟು. ತಾನೇ ತಿಳಿದುಕೊಂಡಳು. ಮೈಗೆ ಬೆಂಕಿ ಹತ್ತಿದ ಹಾಗೆ ಒಮ್ಮೊಮ್ಮೆ ಸೆಕೆ ಏರುವುದು, ಇಳಿಯುವುದು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆಯೇ. ದಿನವೂ ಮಡಿ ಸೀರೆ, ದಿನವೂ ಒಲೆ. ಮೂರು ಬೆಳಗುಗಳು ಸದ್ದಿಲ್ಲದೆ ಕೈಬಿಟ್ಟು ಹೋಗಿದ್ದವು. ಯಾರ ಹತ್ತಿರ ಕೇಳುವುದು? ಅವು ಆಕೆಯವು ಎಂದು ಯಾರೂ ಯಾವತ್ತೂ ಒಪ್ಪಿರಲಿಲ್ಲ, ಅವು ಕಾಗೆಯವಾಗಿದ್ದವು.

ಯುಗಾದಿಯ ಮುಂದಿನ ವಾರ ಭಾಗ್ಯಜ್ಯೋತಿ ಹಿತ್ತಲಿಗೆ ಬಂದು ಫೋನು ಮುಂದೆ ಹಿಡಿದಳು. ಹಿನ್ನೀರು ಇಳಿದ ದಂಡೆ, ಬರೀ ಗರಸು ಕಲ್ಲು.

“ಏನದ ಇದರಾಗ?”

“ನೋಡ್ರಿ ಛಂದಂಗೆ.”

ವರದಾ ನೋಡಿದಳು. ಕಲ್ಲುಗಳ ನಡುವೆ ನಾಲ್ಕು ಕಲ್ಲುಗಳ ಮೇಲೆ ಮಚ್ಚೆಗಳಿದ್ದವು. ಚೂಪು ತುದಿಗಳು ನಡುವಿಗೆ ಕೂಡಿದ್ದವು. ತತ್ತಿ.

“ಟಿಟವಿ?”

“ಹೂಂ. ಪುಸ್ತಕದಾಗ ಟಿಟ್ಟಿಭ ಅಂತ ಬರದಾರ. ದೂರ ಜಾಲಿ ಗಿಡದ ಹಿಂದ ಕುಂತು ಎರಡು ದಿವಸ ನೋಡೇನಿ ಅಕ್ಕಾರ. ಗಂಡೂ ಕೂಡತೈತಿ, ಹೆಣ್ಣೂ ಕೂಡತೈತಿ. ಪಾಳಿ ಐತಿ ಅವಕ್ಕ. ಹೊತ್ತು ಹುಟ್ಟೋ ಹೊತ್ತಿಗೆ ಒಂದು ನೀರಿಗೆ ಹೊಟ್ಟಿ ತೋಯಿಸ್ಕೊಂಡು ನಡಕೊಂತ ಬರತೈತಿ, ಕುಂತದ್ದು ಏಳತೈತಿ, ಬಂದದ್ದು ಕೂಡತೈತಿ. ಒಂದು ಗಳಿಗಿ ಎರಡೂ ತತ್ತಿ ಮ್ಯಾಲೆ ಎದುರುಬದರು ನಿಂದ್ರತಾವು. ಆ ಗಳಿಗಿ ನನಗ ಸಿಗವಲ್ದು. ನಾ ಒಬ್ಬಾಕಿ. ಕುಂತದ್ದನ್ನ ನೋಡ್ಲೋ, ಬರೋದನ್ನ ನೋಡ್ಲೋ? ನೀವು ಬೇಕು.”

ವರದಾ ಆ ಚಿತ್ರವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದಳು. ಎರಡು ಹಕ್ಕಿ ಎದುರುಬದುರು ನಿಂತು ಪಾಳಿ ಬದಲಿಸುವ ಆ ಗಳಿಗೆ ಆಕೆಗೆ ಬೇಕಾಯಿತು. ಇಷ್ಟು ವರ್ಷದಲ್ಲಿ ಯಾವ ಹಕ್ಕಿಯ ಚಿತ್ರವೂ ಹೀಗೆ ಬೇಕಾಗಿರಲಿಲ್ಲ. ಮರಿ ಒಡೆಯಲು ಇನ್ನೆಷ್ಟು ದಿನವೋ ಗೊತ್ತಿಲ್ಲ. ಟಿಟವಿ ಮರಿಗಳು ಒಡೆದ ದಿನವೇ ಎದ್ದು ತಾಯಿತಂದೆಯ ಬೆನ್ನಿಗೆ ನಡೆದುಬಿಡುತ್ತವೆ. ಆಮೇಲೆ ಗೂಡೂ ಇಲ್ಲ, ಪಾಳಿಯೂ ಇಲ್ಲ.

ಆ ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟಳು. “ನಾಳೆ ಮುಂಜಾನೆ ನಾ ಟಿಟವಿ ಗೂಡು ನೋಡ್ಲಿಕ್ಕೆ ಹಿನ್ನೀರಿಗೆ ಹೋಗ್ಬೇಕಂತೇನಿ.”

“ಹೋಗು.” ಶ್ರೀವಲ್ಲಭ ತಲೆಯೆತ್ತದೆ ಅಂದ. “ಯಾರು ಬ್ಯಾಡ ಅಂದ್ರು? ಕೆಲಸ ಮುಗಿಸ್ಕೊಂಡು ಹೋಗು.”

ಅಷ್ಟು ಸಲೀಸಾಗಿ ಒಪ್ಪಿದನಲ್ಲ ಎಂದು ವರದಾಗೆ ಸಂತೋಷವೂ ಆಯಿತು. ಕೆಲಸ ಮುಗಿಸಿಕೊಂಡು ಹೋಗುವುದಾದರೆ ಯಾವಾಗ ಏಳಬೇಕು ಎಂಬ ಲೆಕ್ಕ ಹಾಕಿದ್ದು ಹಾಸಿಗೆಯ ಮೇಲೆ. ಕೋಳಿ ಕೂಗುವ ಎಷ್ಟೋ ಮೊದಲು ಎದ್ದಳು. ಅಂಗಳ, ತಾಮ್ರ, ಸ್ನಾನ, ಮಡಿ, ಒಲೆ, ಹೂವು, ಗಂಧ, ಎಲ್ಲ ಮುಗಿಸಿ, ಪಲ್ಯದ ಮೇಲೆ ತಟ್ಟೆ ಮುಚ್ಚಿ, ಸೀರೆ ಬದಲಿಸಿ, ಭಾಗ್ಯಜ್ಯೋತಿಯ ಸ್ಕೂಟಿ ಹತ್ತಿದಳು. ಜಾಲಿ ಗಿಡದ ಹಿಂದೆ ಕೂತು, ಕ್ಯಾಮೆರಾಕ್ಕೆ ಕಣ್ಣಿಟ್ಟು, ದೂರದಲ್ಲಿ ಕೂತ ಹಕ್ಕಿಯ ಹಳದಿ ಕಾಲು, ಕಣ್ಣ ಮುಂದಿನ ಕೆಂಪು ಗುರುತು ಕಂಡಳು. ಗಾಳಿ ತಂಪಿತ್ತು.

ಬಲ ಹೆಗಲಿಗೆ ಬೆರಳು ತಾಗಿತು. ಮತ್ತೆ ತಾಗಿತು. ಆಮೇಲೆ ಯಾರೋ ಹಿಡಿದು ಅಲುಗಾಡಿಸಿದರು.

“ಅಕ್ಕಾರ, ಮಲಗೀರೇನ್ರಿ?”

ಎಚ್ಚೆತ್ತು ಒತ್ತಿದ್ದೇ ಬಂತು. ಪಾಳಿ ಬದಲಾಗಿ ಹೋಗಿತ್ತು. ಕ್ಯಾಮೆರಾದಲ್ಲಿ ಒಂದು ಕಲ್ಲಿನ ಚಿತ್ರ ಬಂದಿತ್ತು, ಅದೂ ಅಲುಗಾಡಿದ್ದು.

“ಕಲ್ಲು ಛಲೋ ಬಂದೈತಿ ತಗೋರಿ. ಕಟ್ಟಿಸಿ ಹಾಕಿಸ್ರಿ ಗ್ವಾಡಿಗೆ.” ಭಾಗ್ಯಜ್ಯೋತಿ ನಕ್ಕಳು. ವರದಾಳ ಮುಖ ನೋಡಿ ದನಿ ತಗ್ಗಿಸಿದಳು. “ಎಷ್ಟೊತ್ತಿಗೆ ಎದ್ದಿದ್ರಿ?”

ವರದಾ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು. ಮನೆಗೆ ಬಂದಾಗ ಮುಸುರೆಯ ರಾಶಿ ಕಾದಿತ್ತು. ಶ್ರೀವಲ್ಲಭ ಡಬ್ಬಿಗೆ ಕೈಹಾಕುತ್ತ, “ಹಕ್ಕಿ ಸಿಕ್ತೇನು?” ಎಂದು ಪ್ರೀತಿಯಿಂದಲೇ ಕೇಳಿದ. ಇನ್ನೂ ಎರಡು ದಿನ ಹಾಗೆಯೇ ಪ್ರಯತ್ನಿಸಿದಳು. ಒಂದು ದಿನ ಕಣ್ಣು ತೆರೆದುಕೊಂಡೇ ಇದ್ದಳು, ಆದರೆ ಬೇಳೆ ಬೇಯುವುದು ತಡವಾಗಿ, ಅಲ್ಲಿಗೆ ತಲುಪುವಷ್ಟರಲ್ಲಿ ಪಾಳಿ ಮುಗಿದಿತ್ತು. ಮರುದಿನ ಒಗ್ಗರಣೆಯ ಹೊತ್ತಿಗೆ ತಲೆ ಸುತ್ತಿ ಗೋಡೆ ಹಿಡಿದು ಕೂತಳು, ಹೋಗಲೇ ಇಲ್ಲ.

ಅವತ್ತು ಶ್ರೀವಲ್ಲಭ ಮರುಗಿದ. “ಇಷ್ಟ್ಯಾಕ ಜೀವ ತಗೋತೀ ವರದಾ? ವೃಂದಾ ದೊಡ್ಡಾಕಿ ಆಗ್ಯಾಳ. ಆಕಿ ಮಾಡ್ಲಿ ಮುಂಜಾನಿದು. ನೀ ಹೋಗಿ ಬಾ.”

ವೃಂದಾ ಪುಸ್ತಕದಿಂದ ತಲೆ ಎತ್ತಿದಳು. “ಮಾಡ್ತೇನಿ ಬಿಡು ಆಯಿ. ನೀ ಹೋಗು.”

ಬೇಡ ಅನ್ನಬೇಕೆಂದು ವರದಾ ಬಾಯಿ ತೆರೆದಳು. ಆದರೆ ಮೈ ದಣಿದಿತ್ತು, ಆಸೆಯೂ ಇತ್ತು.

ಮರುದಿನ ನಸುಕಿನಲ್ಲಿ ಹೊರಡಲು ಸಿದ್ಧಳಾಗಿ ಅಡಿಗೆಮನೆಯ ಬಾಗಿಲಿಗೆ ಬಂದಳು. ವೃಂದಾ ಒದ್ದೆ ಕೂದಲು ಗಂಟು ಹಾಕಿ, ವರದಾಳದೇ ಮಡಿ ಸೀರೆಯನ್ನು ಎತ್ತಿ ಕಟ್ಟಿಕೊಂಡು, ಒಲೆಯ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಸೌಟು. ಕಿಟಕಿಯ ಕಟ್ಟೆಯ ಮೇಲೆ, ನೀರು ಸಿಡಿಯದಷ್ಟು ದೂರ, ಸಿಇಟಿಯ ಪುಸ್ತಕ ತೆರೆದಿತ್ತು. ತುಟಿ ಅಲ್ಲಾಡುತ್ತಿದ್ದವು. ಹಾಲು ಉಕ್ಕಿತು. ಹುಡುಗಿ ಬರಿಗೈಯಿಂದ ಪಾತ್ರೆ ಎತ್ತಿ, ಸುಟ್ಟ ಬೆರಳನ್ನು ಬಾಯಿಗೆ ಒಯ್ದು, ಮಡಿಯೆಂದು ನೆನಪಾಗಿ ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು.

ವರದಾ ಗ್ಯಾಸು ಆರಿಸಿದಳು. “ಹೋಗು. ಸೀರಿ ಬಿಚ್ಚಿಡು. ಓದ್ಕೋ ಹೋಗು.”

“ನೀ ಹೋಗಂಗಿಲ್ಲೇನು?”

“ನನ್ನ ರಜಾ ಇದು. ನಿನ್ನ ತಲೀ ಮ್ಯಾಲೆ ಹೊರಿಸಿ ತಗೊಂಡ್ರ ರಜಾ ಅಲ್ಲ ಅದು.”

“ಒಂದು ದಿವಸಕ್ಕೇನಾಗ್ತದ ಆಯಿ?”

“ನನಗೂ ಹಂಗ ಅಂದಿದ್ರು, ಲಗ್ನ ಆದ ಮರುದಿನ.”

ವೃಂದಾ ಬೆರಳು ಊದಿಕೊಳ್ಳುತ್ತ ಹೋದಳು. ವರದಾ ಮತ್ತೆ ಸ್ನಾನ ಮಾಡಿ, ಇನ್ನೊಂದು ಮಡಿ ಸೀರೆ ಇಳಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಹೊರಗೆ ಸ್ಕೂಟಿ ಸ್ವಲ್ಪ ಹೊತ್ತು ನಿಂತು, ಹೋಯಿತು.

ಮಧ್ಯಾಹ್ನ ಪಡಸಾಲೆಯಲ್ಲಿ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ರಂಗೂಬಾಯಿ ಕಣ್ಣು ಮುಚ್ಚಿಕೊಂಡೇ ಕೇಳಿದಳು. “ಎಷ್ಟು ದಿವಸಾತು ಕಾಗಿ ಮುಟ್ಟಲಾರದ?”

ವರದಾಳ ಕೈ ನಿಂತಿತು. “ಸಂಕ್ರಮಣ ಆದ ಮ್ಯಾಲೆ ಒಮ್ಮೆ ಆಗಿತ್ತು.”

“ತಿಕ್ಕು, ನಿಲ್ಲಿಸಬ್ಯಾಡ. ನನಗ ಗೊತ್ತಾಗೇದ. ಇನ್ನ ತಿಂಗಳ ಪೂರ್ತಿ ಮಡಿ. ಹಿರೇರು ಅಂತಿದ್ರು, ಅದು ದೊಡ್ಡ ಭಾಗ್ಯಂತ.”

“ಹೌದ್ರಿ.”

“ಸುಡುಗಾಡು ಭಾಗ್ಯ.” ರಂಗೂಬಾಯಿ ಇನ್ನೊಂದು ಕಾಲು ಮುಂದೆ ಚಾಚಿದಳು. “ನನಗ ನಿಂತಾಗ ನಾ ಎರಡು ವರ್ಷ ಯಾರಿಗೂ ಹೇಳಲಿಲ್ಲ ನೋಡು. ತಿಂಗಳಾ ತಿಂಗಳಾ ಕಾಗಿ ಮುಟ್ಟೇದ ಅಂತ ಹಿತ್ತಲದಾಗ ಬಿದ್ಕೋತಿದ್ದೆ.”

“ಯಾಕ್ರಿ ಅತ್ತಿಯವರ?”

“ಯಾಕ ಅಂದ್ರ? ನಿದ್ದಿ ಸಲುವಾಗಿ. ಎಂಟು ಮಂದಿಗೆ ಬೇಯಿಸ್ತಿದ್ದೆ. ಮೂರು ದಿವಸ ಕಣ್ತುಂಬ ನಿದ್ದಿ ಮಾಡ್ತಿದ್ದೆ.” ಕಣ್ಣು ತೆರೆದು ಸೊಸೆಯನ್ನು ನೋಡಿದಳು. “ನೀನೂ ಅಂದುಬಿಡು. ಗಂಡಸರಿಗೇನು ತಿಳೀತದ? ದೇವರಿಗೆ ನಾ ಹೇಳ್ತೇನಿ, ಅಂವ ನನ್ನ ಮಾತು ಕೇಳ್ತಾನ. ಆದ್ರ ಆ ಟಿಟವಿ ಅಪಶಕುನದ ಹಕ್ಕಿ, ಅದರ ಬದ್ಲಿ ಛಲೋದು ಯಾವುದರ ನೋಡು.”

ಭಾಗ್ಯಜ್ಯೋತಿಯೂ ಸಂಜೆ ಅದನ್ನೇ ಹೇಳಿದಳು. ಆಕೆ ಹಿನ್ನೀರಿನಿಂದ ಬಂದವಳು ನೇರವಾಗಿ ಹಿತ್ತಲ ಬಾಗಿಲಿಗೆ ಬಂದಿದ್ದಳು.

“ತತ್ತಿ ಸೀಳು ಬಿಟ್ಟಾವ್ರಿ ಅಕ್ಕಾರ. ಲೆನ್ಸಿನಾಗ ಕಂಡ್ವು, ಎರಡಕ್ಕ ಗೀರು ಬಿದ್ದೈತಿ. ನಾಳೆ ಮುಂಜಾನಿ ಒಂದು ಪಾಳಿ ಸಿಗಬಹುದು. ಆಮ್ಯಾಲೆ ಮರಿ ಎದ್ದು ಹೊಕ್ಕಾವು. ಕಾಗಿ ಮುಟ್ಟೈತಿ ಅನ್ರಿ, ಮುಗೀತು. ಒಂದು ಸುಳ್ಳಿಗೆ ಏನಾಗತೈತಿ?”

“ನೋಡ್ತೇನಿ.”

“ನಾ ಬೇವಿನ ಗಿಡದ ಕೆಳಗ ಗಾಡಿ ಹಚ್ಚಿ ನಿಂತಿರ್ತೇನಿ. ಬಂದ್ರ ಬಂದ್ರಿ.”

ಅತ್ತೆಯೂ ಒಪ್ಪಿದ ಸುಳ್ಳು. ಯಾರಿಗೂ ನೋವಿಲ್ಲ. ವರದಾ ರಾತ್ರಿಯ ಪಾತ್ರೆ ತಿಕ್ಕುತ್ತ ಆ ಸುಳ್ಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎರಡು ವರ್ಷ ನಡೆದೀತು. ಅತ್ತೆಗೂ ಅಷ್ಟೇ ನಡೆದಿತ್ತು. ಆಮೇಲೆ? ಅತ್ತೆಯ ಮೊಣಕಾಲು ಹೇಳುತ್ತಿತ್ತು ಆಮೇಲಿನ ಕಥೆ. ಇನ್ನು ವೃಂದಾ. ಮೈ ಕೆಟ್ಟರೆ ಒಂದು ದಿನ ಸಿಗುತ್ತದೆ, ಮೈ ಕೆಟ್ಟಿಲ್ಲವಾದರೆ ಕೆಟ್ಟಿದೆ ಅನ್ನಬೇಕು. ಹುಡುಗಿ ಈ ಮನೆಯಿಂದ ಕಲಿತು ಹೋಗುವುದು ಇದನ್ನೇ ಏನು? ಶ್ರೀವಲ್ಲಭನಿಗೆ ಅಡಿಗೆ ಬರುವುದಿಲ್ಲವೆಂದೇನೂ ಅಲ್ಲ. ಬರುತ್ತದೆ. ಕಾಗೆ ಹೇಳಿದರೆ ಏಳುತ್ತಾನೆ. ಹೆಂಡತಿ ಹೇಳಿದರೆ ಏಳುತ್ತಾನೋ ಇಲ್ಲವೋ, ಅದನ್ನು ಈ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಆಕೆಯೂ ನೋಡಿರಲಿಲ್ಲ. ನೋಡಲು ಹೆದರಿ ಇಷ್ಟು ವರ್ಷ ಕಾಗೆಯ ಹಿಂದೆ ನಿಂತಿದ್ದಳು ಎಂದು ಅನ್ನಿಸಿದಾಗ, ಬೋಗುಣಿ ಕೈಯಿಂದ ಜಾರಿ ಕಲ್ಲಿಗೆ ಬಡಿದು ಸದ್ದಾಯಿತು.

“ಏನಾತು?” ಒಳಗಿನಿಂದ ಶ್ರೀವಲ್ಲಭ ಕೇಳಿದ.

“ಏನಿಲ್ರಿ.”

ಬೆಳಗಿನ ಜಾವ ದಿನದ ಹೊತ್ತಿಗೇ ಎಚ್ಚರವಾಯಿತು. ಮುಖ ತೊಳೆದು ಹಳೆಯ ನೂಲಿನ ಸೀರೆ ಉಟ್ಟಳು. ಗಳದ ಮೇಲಿನ ಸೀರೆಯ ಕಡೆ ನೋಡಲಿಲ್ಲ. ಆದರೆ ಕಾಲು ರೂಢಿಯಂತೆ ಅಡಿಗೆಮನೆಗೇ ಒಯ್ದವು. ದೀಪ ಹಾಕಿದಳು. ಹೊರಡುವ ಮೊದಲು ಅಕ್ಕಿಯನ್ನಾದರೂ ತೊಳೆದಿಟ್ಟರೆ ಅವನಿಗೆ ಹಗುರಾದೀತು. ಬೇಳೆಯನ್ನೂ ಕುಕ್ಕರಿಗೆ ಹಾಕಿಟ್ಟರೆ ಆಯಿತು. ಬದನೆಕಾಯಿ ಹೆಚ್ಚಿ ನೀರಿಗೆ ಹಾಕುವುದೇನು ಮಹಾ ಕೆಲಸ? ಹೂವು ತಂದಿಟ್ಟುಬಿಡಬಹುದು, ಹೇಗೂ ಹಿತ್ತಲ ದಾರಿಯಲ್ಲೇ ಹೋಗುವುದು. ಪಾವು ತುಂಬ ಅಕ್ಕಿ ತೆಗೆದು ಪಾತ್ರೆಯ ಮೇಲೆ ಹಿಡಿದಾಗಿತ್ತು. ಅಷ್ಟರಲ್ಲಿ ಕೈ ತಡೆಯಿತು.

ಹಗುರ ಮಾಡಿಟ್ಟು ಹೋಗುವುದೆಂದರೆ ಮತ್ತೆ ಅದೇ, ಕೆಲಸ ಮುಗಿಸಿಕೊಂಡು ಹೋಗುವುದು. ತಾನು ಹೊರಗಾದ ದಿನ ಅವನಿಗೆ ಯಾರು ಅಕ್ಕಿ ತೊಳೆದಿಟ್ಟಿದ್ದರು?

ಪಾವಿನ ಅಕ್ಕಿಯನ್ನು ಡಬ್ಬಿಗೆ ಮರಳಿ ಸುರುವಿ ಮುಚ್ಚಳ ಹಾಕಿದಳು. ದೀಪ ಆರಿಸಿದಳು. ನಡುಮನೆಗೆ ಬಂದು ಗಂಡನ ಹಾಸಿಗೆಯ ಬಳಿ ನಿಂತಳು.

“ಏಳ್ರಿ.”

“ಹೂಂ.”

“ನಾ ಹೊಂಟೇನಿ. ಒಲಿ ಹಚ್ಚಿಲ್ಲ. ಹೂವು ತಂದಿಲ್ಲ.”

ಶ್ರೀವಲ್ಲಭ ಕಣ್ಣು ತೆರೆಯದೆಯೇ ಹೊದಿಕೆ ಸರಿಸಿದ. ಏಳುವವನೇ. “ಕಾಗಿ ಮುಟ್ಟೇದೇನು?”

ಪಕ್ಕದ ಮಂಚದ ಮೇಲೆ ರಂಗೂಬಾಯಿಯ ಗೊರಕೆ ನಿಂತಿತ್ತು. ವೃಂದಾಳ ಕೋಣೆಯ ಬಾಗಿಲ ಕೆಳ ಸಂದಿಯಲ್ಲಿ ಬೆಳಕಿತ್ತು. ಹೂಂ ಎಂದರೆ ಸಾಕಿತ್ತು. ಅವನು ಎದ್ದು ಸ್ನಾನಕ್ಕೆ ಹೋಗುತ್ತಿದ್ದ, ಇಂಗಿನ ಡಬ್ಬಿ ಅವನಿಗೆ ಸಿಗುತ್ತಿತ್ತು, ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

“ಇಲ್ಲ,” ಎಂದಳು ವರದಾ.

ಶ್ರೀವಲ್ಲಭ ಈಗ ಕಣ್ಣು ತೆರೆದ. ಎದ್ದು ಕೂತ. “ಮತ್ತ?”

“ಮತ್ತೇನಿಲ್ಲ. ಮೈಯಾಗ ಆರಾಮ ಇದ್ದೇನಿ. ಹಿನ್ನೀರಿಗೆ ಹೊಂಟೇನಿ. ಇವತ್ತು ನೀವು ಮಾಡ್ರಿ.”

“ಇವತ್ತು ಒಂದ ದಿವಸಾ?”

“ಇನ್ನ ವಾರಕ್ಕ ಒಂದು ದಿವಸ. ಯಾವ ದಿವಸಂತ ಹಿಂದಿನ ದಿವಸ ಹೇಳ್ತೇನಿ.”

ಅವನು ತಾಯಿಯ ಮಂಚದ ಕಡೆ ನೋಡಿದ. ಮಗಳ ಕೋಣೆಯ ಕಡೆ ನೋಡಿದ.

“ಆಕಿನ್ನ ಎಬ್ಬಿಸಬ್ಯಾಡ್ರಿ,” ಎಂದಳು ವರದಾ. ಹೆಗಲಿಗೆ ಕಂದು ಬಣ್ಣದ ಶಾಲು ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹೊರಗೆ ಬಂದು ಬಾಗಿಲು ಮುಂದೆ ಮಾಡಿದಳು.